ಟೈರ್ ರಿಮ್ಮನ್ನು ಬಿಟ್ಟು ಯಾಕೆ ಹೋಗುವುದಿಲ್ಲ, ಗಾಳಿ ಟೈರನ್ನು ಬಿಟ್ಟು ಯಾಕೆ ಹೋಗುತ್ತದೆ?

ಮಳೆಗಾಲ ಶುರುವಾದರೆ ಶಿವಮೊಗ್ಗ, ಸಾಗರ, ತೀರ್ಥಹಳ್ಳಿ ಕಡೆಯ ಪಂಚರ್ ಅಂಗಡಿಗಳಲ್ಲಿ ಈಗ ಹೊಸದೊಂದು ಪ್ರಶ್ನೆ ಕೇಳಿಬರುತ್ತದೆ. "ಮೀಟರಿನಲ್ಲಿ ಹಳದಿ ದೀಪ ಉರೀತಿದೆ. ಟೈರ್ ನೋಡಿದ್ರೆ ಸರಿಯಾಗೇ ಇದೆ. ಮೊಳೆನೂ ಇಲ್ಲ. ಗಾಳಿ ಎಲ್ಲಿಗೆ ಹೋಯ್ತು?" ಹಳೆಯ ಕಾರುಗಳಲ್ಲಿ ಟೈರಿನ ಗಾಳಿ ಕಡಿಮೆಯಾದರೆ ಎಚ್ಚರಿಸುವ ಆ ದೀಪವೇ ಇರಲಿಲ್ಲ, ಹಾಗಾಗಿ ಪ್ರಶ್ನೆಯೂ ಇರಲಿಲ್ಲ. ಟೈರ್ ಚಪ್ಪಟೆಯಾದಾಗ ಮಾತ್ರ ಅದರ ನೆನಪಾಗುತ್ತಿತ್ತು.

ಇನ್ನೊಂದು ಬದಲಾವಣೆಯೂ ಆಗಿದೆ. 2020ರಲ್ಲಿ ಕೇಂದ್ರ ಮೋಟಾರು ವಾಹನ ನಿಯಮಗಳಿಗೆ ತಿದ್ದುಪಡಿ ಬಂತು. ಟ್ಯೂಬ್‌ಲೆಸ್ ಟೈರ್, ಗಾಳಿಯ ಒತ್ತಡದ ಮೇಲೆ ಕಣ್ಣಿಡುವ ವ್ಯವಸ್ಥೆ, ಪಂಚರ್ ಕಿಟ್ ಈ ಮೂರೂ ಇರುವ ಕಾರಿಗೆ ಸ್ಟೆಪ್ನಿ ಕಡ್ಡಾಯವಲ್ಲ. ಹುಲಿಕಲ್ ಘಾಟಿಯ ನಡುವೆ, ಮೊಬೈಲ್ ಸಿಗ್ನಲ್ ಇಲ್ಲದ ಕಡೆ, ಸುರಿಯುವ ಮಳೆಯಲ್ಲಿ ಸ್ಟೆಪ್ನಿ ಇಲ್ಲದ ಕಾರಿನಲ್ಲಿ ಕೂತವರಿಗೆ ಟೈರ್ ಹೇಗೆ ಕೆಲಸ ಮಾಡುತ್ತದೆ ಅನ್ನೋದು ಸುಮ್ನೆ ಕುತೂಹಲದ ವಿಷಯವಲ್ಲ.

ಟೈರನ್ನು ರಿಮ್ಮಿಗೆ ಯಾರೂ ಅಂಟಿಸಿರುವುದಿಲ್ಲ. ಬೋಲ್ಟು, ನಟ್ಟು ಏನೂ ಇಲ್ಲ. ನಾವು ಬಿಗಿಯುವ ನಾಲ್ಕೈದು ನಟ್ಟುಗಳು ರಿಮ್ಮನ್ನು ಗಾಡಿಗೆ ಹಿಡಿಸುತ್ತವೆಯೇ ಹೊರತು ಟೈರನ್ನು ರಿಮ್ಮಿಗಲ್ಲ. ಟೈರನ್ನು ಅಲ್ಲಿ ಹಿಡಿದಿಟ್ಟಿರುವುದು ಅದರೊಳಗಿನ ಗಾಳಿ. ಆ ಗಾಳಿ ಹೊರಹೋಗದಂತೆ ತಡೆದಿರುವುದು ರಿಮ್ಮಿಗೆ ಒತ್ತಿಕೊಂಡ ಟೈರ್. ಇಬ್ಬರಲ್ಲಿ ಒಬ್ಬರು ಕೈಬಿಟ್ಟರೆ ಇನ್ನೊಬ್ಬರೂ ಹೋದಂತೆ.

ಟೈರಿನ ಅಂಚಿನಲ್ಲಿರುವ ತಂತಿ

ಟೈರಿನ ಒಳ ಅಂಚನ್ನು, ಅಂದರೆ ರಿಮ್ಮಿಗೆ ತಾಗುವ ಭಾಗವನ್ನು, ಬೀಡ್ ಎನ್ನುತ್ತಾರೆ. ಮುಟ್ಟಿ ನೋಡಿದರೆ ಅಲ್ಲಿ ರಬ್ಬರ್ ದಪ್ಪಗೆ, ಗಟ್ಟಿಯಾಗಿರುತ್ತದೆ. ಒಳಗೆ ಉಕ್ಕಿನ ತಂತಿಗಳ ಸುರುಳಿ ಇದೆ. ಟೈರಿನ ಉಳಿದ ಭಾಗ ಬಾಗುತ್ತದೆ, ಉಬ್ಬುತ್ತದೆ. ಈ ಸುರುಳಿ ಮಾತ್ರ ಹಿಗ್ಗುವುದಿಲ್ಲ. ಟೈರಿನ ಗೋಡೆಯಲ್ಲಿರುವ ನೂಲಿನ ಎಳೆಗಳೆಲ್ಲ ಈ ತಂತಿಯನ್ನು ಬಳಸಿ ಸುತ್ತಿಕೊಂಡಿರುತ್ತವೆ. ರಬ್ಬರ್ ಬರೀ ಹೊದಿಕೆ. ಎಳೆತ ತಡೆಯುವುದು ನೂಲು ಮತ್ತು ತಂತಿ.

ಇನ್ನು ರಿಮ್ಮನ್ನು ಅಡ್ಡಕ್ಕೆ ಕೊಯ್ದಂತೆ ಊಹಿಸಿಕೊಳ್ಳಿ. ಎರಡೂ ಹೊರ ಅಂಚುಗಳು ಮೇಲಕ್ಕೆದ್ದಿರುತ್ತವೆ. ಆ ಅಂಚಿನ ಪಕ್ಕದಲ್ಲೇ ಒಳಗಡೆ ಬೀಡ್ ಕೂರುವ ಜಾಗ. ನಟ್ಟ ನಡುವೆ ಸುತ್ತಲೂ ಒಂದು ತಗ್ಗು. ಬಹಳ ಜನ ಈ ತಗ್ಗನ್ನು ನೋಡಿಯೇ ಇರುವುದಿಲ್ಲ, ಏಕೆಂದರೆ ಟೈರ್ ಕೂತ ಮೇಲೆ ಅದು ಕಾಣುವುದಿಲ್ಲ. ಆದರೆ ಅದು ಇಲ್ಲದಿದ್ದರೆ ಕಾರಿಗೆ ಟೈರ್ ಹಾಕುವುದಕ್ಕೇ ಆಗುತ್ತಿರಲಿಲ್ಲ.

ಯಾಕೆ ಅಂದರೆ, 14 ಇಂಚಿನ ಟೈರಿನ ಬೀಡಿನ ಅಡ್ಡಳತೆ ಸುಮಾರು 35 ಸೆಂ.ಮೀ. ರಿಮ್ಮಿನ ಹೊರ ಅಂಚಿನ ಅಡ್ಡಳತೆ ಅದಕ್ಕಿಂತ ಮೂರು ಸೆಂ.ಮೀ.ಗೂ ಜಾಸ್ತಿ. ತಂತಿ ಹಿಗ್ಗುವುದಿಲ್ಲ. ಹಾಗಾದರೆ ಚಿಕ್ಕದು ದೊಡ್ಡದನ್ನು ದಾಟುವುದು ಹೇಗೆ?

ಬಳೆಗಾರ ಗಾಜಿನ ಬಳೆ ತೊಡಿಸುವುದನ್ನು ನೋಡಿದ್ದೀರಲ್ವಾ? ಗಾಜು ಹಿಗ್ಗುವುದಿಲ್ಲ, ಕೈಯ ಗೆಣ್ಣು ಬಳೆಗಿಂತ ಅಗಲ. ಅವನು ಹೆಬ್ಬೆರಳನ್ನು ಅಂಗೈಯೊಳಗೆ ಮಡಿಸಿ, ಕೈಯನ್ನು ಒಂದು ಬದಿಯಲ್ಲಿ ಕುಗ್ಗಿಸಿ ಜಾಗ ಮಾಡಿಕೊಳ್ಳುತ್ತಾನೆ. ಬಳೆ ಗೆಣ್ಣು ದಾಟಿ ಮಣಿಕಟ್ಟಿಗೆ ಬರುತ್ತದೆ. ಟೈರ್ ಅಂಗಡಿಯವರು ಮಾಡುವುದೂ ಇದನ್ನೇ. ಬೀಡಿನ ಒಂದು ಬದಿಯನ್ನು ನಡುವಿನ ತಗ್ಗಿಗೆ ಇಳಿಸುತ್ತಾರೆ. ಆಗ ಎದುರು ಬದಿಯಲ್ಲಿ ಅಷ್ಟೇ ಸಡಿಲ ಸಿಗುತ್ತದೆ. ಅಲ್ಲಿ ಲಿವರ್ ಹಾಕಿ ಎತ್ತಿದರೆ ಬೀಡ್ ಅಂಚನ್ನು ದಾಟುತ್ತದೆ. ಗೊತ್ತಿಲ್ಲದವರು ಬೀಡನ್ನು ತಗ್ಗಿಗೆ ಇಳಿಸದೆ ಬರೀ ಬಲ ಹಾಕಿ ಎತ್ತುತ್ತಾರೆ. ಆಗ ತಂತಿ ಮುರಿಯಬಹುದು. ಬೀಡಿನ ತಂತಿ ಮುರಿದ ಟೈರನ್ನು ಮತ್ತೆ ಬಳಸುವಂತಿಲ್ಲ.

ಟೈರ್ ಕೂರಿಸುವಾಗ ಸೋಪಿನ ನೀರು ಹಚ್ಚುವುದಕ್ಕೂ ಕಾರಣ ಇದೆ. ಒದ್ದೆ ಇರುವಾಗ ಜಾರುತ್ತದೆ, ಒಣಗಿದ ಮೇಲೆ ಜಾರುವುದಿಲ್ಲ. ಗ್ರೀಸ್, ಎಣ್ಣೆ ಹಚ್ಚಿದರೆ ಜಾರುವುದು ನಿಲ್ಲುವುದೇ ಇಲ್ಲ, ಜೊತೆಗೆ ರಬ್ಬರನ್ನೂ ಕೆಡಿಸುತ್ತದೆ.

ಈ ವಿದ್ಯೆ ಹೊಸದೇನಲ್ಲ. ಬೆಲ್‌ಫಾಸ್ಟಿನಲ್ಲಿದ್ದ ಪಶುವೈದ್ಯ ಜಾನ್ ಬಾಯ್ಡ್ ಡನ್‌ಲಪ್ 1888ರಲ್ಲಿ ಸೈಕಲ್ಲಿಗೆ ಗಾಳಿ ತುಂಬಿದ ಟೈರ್ ಮಾಡಿದಾಗ ಅದನ್ನು ರಿಮ್ಮಿಗೆ ಅಂಟಿಸಿಯೇ ಬಿಡುತ್ತಿದ್ದರು. ಪಂಚರ್ ಆದರೆ ಅದನ್ನೆಲ್ಲ ಕಿತ್ತು ಮತ್ತೆ ಅಂಟಿಸಬೇಕಿತ್ತು. 1890ರಲ್ಲಿ ಚಾರ್ಲ್ಸ್ ಕಿಂಗ್‌ಸ್ಟನ್ ವೆಲ್ಚ್ ಎಂಬವರು ಅಂಚಿನಲ್ಲಿ ತಂತಿ ಇರುವ ಟೈರಿಗೂ, ನಡುವೆ ತಗ್ಗಿರುವ ರಿಮ್ಮಿಗೂ ಪೇಟೆಂಟ್ ಪಡೆದರು. ಇವತ್ತಿನ ಕಾರಿನ ಚಕ್ರದಲ್ಲಿ ಇರುವುದೂ ಅದೇ ಉಪಾಯ.

ಎರಡು ಟನ್ ಬಲ ಎಲ್ಲಿಂದ ಬಂತು?

ತಗ್ಗಿನ ದಾರಿಯಲ್ಲಿ ಒಳಗೆ ಬಂದ ಟೈರ್ ಅದೇ ದಾರಿಯಲ್ಲಿ ಹೊರಗೂ ಹೋಗಬಹುದಲ್ಲ? ಗಾಳಿ ಇಲ್ಲದಿದ್ದರೆ ಹೋಗುತ್ತದೆ. ಗಾಳಿ ತುಂಬಿದಾಗ ಅದು ಟೈರಿನ ಎರಡೂ ಗೋಡೆಗಳನ್ನು ಹೊರಕ್ಕೆ ನೂಕುತ್ತದೆ. ಬೀಡುಗಳು ತಗ್ಗಿನಿಂದ ಎದ್ದು ಅಂಚಿನ ಕಡೆ ಸರಿಯುತ್ತವೆ. ಬೀಡ್ ಕೂರುವ ಜಾಗ ಸಮತಟ್ಟಾಗಿಲ್ಲ. ಹೊರ ಅಂಚಿನ ಕಡೆಗೆ ಸುಮಾರು 5 ಡಿಗ್ರಿ ಏರಿದೆ. ಬೀಡ್ ಆ ಏರನ್ನು ಹತ್ತಿದಷ್ಟೂ ಬಿಗಿಯಾಗುತ್ತದೆ. ಕೊನೆಗೆ ಅಂಚಿಗೆ ಹೋಗಿ ಒತ್ತಿ ನಿಲ್ಲುತ್ತದೆ. ಹೊಸ ಟೈರಿಗೆ ಗಾಳಿ ಹೊಡೆಯುವಾಗ "ಠಪ್" ಅಂತ ಎರಡು ಸಲ ಸದ್ದು ಬರುತ್ತದಲ್ಲ, ಅದು ಎರಡು ಬದಿಯ ಬೀಡುಗಳು ಜಾಗಕ್ಕೆ ಕೂತ ಸದ್ದು.

ಎಷ್ಟು ಬಲ? ಟೈರಿನ ಒತ್ತಡವನ್ನು ನಮ್ಮಲ್ಲಿ ಪಿಎಸ್‌ಐ ಲೆಕ್ಕದಲ್ಲಿ ಹೇಳುತ್ತಾರೆ. ಒಂದು ಚದರ ಇಂಚಿನ ಮೇಲೆ ಎಷ್ಟು ಪೌಂಡ್ ಬಲ ಬೀಳುತ್ತಿದೆ ಅನ್ನುವುದೇ ಅದರ ಅರ್ಥ. 33 ಪಿಎಸ್‌ಐ ಅಂದರೆ ಒಂದು ಚದರ ಸೆಂ.ಮೀ. ಮೇಲೆ ಸುಮಾರು 2.3 ಕಿಲೋ. ಕೇಳಲಿಕ್ಕೆ ಕಡಿಮೆ ಅನಿಸುತ್ತದೆ. ಆದರೆ ಟೈರಿನ ಗೋಡೆ ದೊಡ್ಡದು. 165/80 ಆರ್ 14 ಅಳತೆಯ ಟೈರನ್ನು ತೆಗೆದುಕೊಳ್ಳಿ, ಸಣ್ಣ ಕಾರುಗಳಲ್ಲಿ ಇದು ಸಾಮಾನ್ಯ. ಗೋಡೆಯ ಮೇಲೆ ಬೀಳುವ ಒತ್ತಡದಲ್ಲಿ ಒಂದು ಪಾಲು ಬೀಡಿನ ಕಡೆಗೆ, ಇನ್ನೊಂದು ಪಾಲು ನೆಲಕ್ಕೆ ತಾಗುವ ಭಾಗದ ಕಡೆಗೆ ಹೋಗುತ್ತದೆ. ಬೀಡಿನ ಪಾಲು ಎಷ್ಟು ಅಂತ ಲೆಕ್ಕ ಹಾಕಿದರೆ ಒಂದೊಂದು ಬದಿಗೆ ಸುಮಾರು 2 ಟನ್ ಬರುತ್ತದೆ. ಇಡೀ ಕಾರಿನ ತೂಕವೇ ಅಷ್ಟಿಲ್ಲ.

ಗಾಳಿ 10 ಪಿಎಸ್‌ಐಗೆ ಇಳಿದರೆ ಅದೇ ಬಲ ಸುಮಾರು 600 ಕಿಲೋಗೆ ಇಳಿಯುತ್ತದೆ. ಈ ಎರಡು ಸಂಖ್ಯೆ ನೆನಪಿರಲಿ, ಘಾಟಿಯ ತಿರುವಿನಲ್ಲಿ ಬೇಕಾಗುತ್ತವೆ.

ಈ ಬಿಗಿತದ ಇನ್ನೊಂದು ಕೆಲಸವನ್ನು ಜನ ಗಮನಿಸುವುದಿಲ್ಲ. ಎಂಜಿನ್ ತಿರುಗಿಸುವುದು ರಿಮ್ಮನ್ನು. ಬ್ರೇಕ್ ಹಿಡಿಯುವುದೂ ರಿಮ್ಮಿನ ಕಡೆಯಿಂದಲೇ. ರಿಮ್ಮಿನಿಂದ ಟೈರಿಗೆ ಆ ಬಲ ದಾಟುವುದು ಬೀಡ್ ಮತ್ತು ರಿಮ್ಮಿನ ನಡುವಿನ ಉಜ್ಜಾಟದಿಂದ ಮಾತ್ರ. ಟ್ಯೂಬ್ ಇರುವ ಬೈಕಿನಲ್ಲಿ ಗಾಳಿ ತೀರಾ ಕಡಿಮೆ ಇಟ್ಟುಕೊಂಡು ಜೋರಾಗಿ ಬ್ರೇಕ್ ಹಾಕಿದರೆ ಟೈರ್ ರಿಮ್ಮಿನ ಮೇಲೆ ಸ್ವಲ್ಪ ಜಾರುತ್ತದೆ. ಟ್ಯೂಬನ್ನೂ ಎಳೆದುಕೊಂಡು ಹೋಗುತ್ತದೆ. ವಾಲ್ವಿನ ನೆಕ್ ಮಾತ್ರ ರಿಮ್ಮಿನ ತೂತಿನಲ್ಲಿ ಸಿಕ್ಕಿಕೊಂಡಿರುತ್ತದೆ. ನೆಕ್ ಬುಡದಲ್ಲಿ ಹರಿಯುತ್ತದೆ. ನೆಕ್ ಓರೆಯಾಗಿ ನಿಂತಿದ್ದರೆ ಅದು ಇದರದ್ದೇ ಮುನ್ಸೂಚನೆ.

ಕಾರನ್ನು ಹೊತ್ತಿರುವುದು ಯಾರು?

ಕೆಳಗಿನ ಗಾಳಿ ಒತ್ತಿಕೊಂಡು ಕಾರನ್ನು ಎತ್ತಿ ಹಿಡಿದಿದೆ ಅಂತ ನಮಗೆ ಅನಿಸುತ್ತದೆ. ಪೂರ್ತಿ ಸರಿಯಲ್ಲ. ಟೈರಿನೊಳಗೆ ಗಾಳಿಯ ಒತ್ತಡ ಎಲ್ಲ ಕಡೆಯೂ ಒಂದೇ. ಜಾಕ್ ಮೇಲೆ ಇದ್ದಾಗಲೂ, ನೆಲಕ್ಕೆ ಇಳಿಸಿದಾಗಲೂ ಒತ್ತಡದಲ್ಲಿ ಹೇಳಿಕೊಳ್ಳುವಂಥ ವ್ಯತ್ಯಾಸ ಆಗುವುದಿಲ್ಲ.

ಆಗುವುದು ಹೀಗೆ. ಗಾಳಿ ತುಂಬಿದಾಗ ಗೋಡೆಯ ನೂಲೆಳೆಗಳು ಬೀಡನ್ನು ಸುತ್ತಲೂ ಹೊರಕ್ಕೆ ಎಳೆಯುತ್ತಿರುತ್ತವೆ. ಮೇಲೆ, ಕೆಳಗೆ, ಪಕ್ಕಕ್ಕೆ ಎಲ್ಲ ಸಮ. ಕಾರು ಕೂತಾಗ ಕೆಳಭಾಗದ ಗೋಡೆ ಉಬ್ಬುತ್ತದೆ. ಉಬ್ಬಿದ ಕಡೆ ಎಳೆಗಳು ಕೆಳಕ್ಕೆ ಎಳೆಯುವ ಬಲ ಕಡಿಮೆಯಾಗುತ್ತದೆ. ಮೇಲಿನ ಎಳೆಗಳು ಮೊದಲಿನ ಹಾಗೇ ಎಳೆಯುತ್ತಿವೆ. ಹಾಗಾಗಿ ರಿಮ್ ಒಂದು ರೀತಿ ಟೈರಿನ ಮೇಲ್ಭಾಗದಿಂದ ನೇತುಬಿದ್ದಿದೆ. ಎಳೆಗಳಿಗೆ ಆ ಬಿಗುವು ಕೊಟ್ಟಿರುವುದು ಗಾಳಿ.

ಗಾಳಿ ಕಡಿಮೆಯಾದರೆ ಗೋಡೆ ಜಾಸ್ತಿ ಉಬ್ಬಬೇಕು. ಚಕ್ರದ ಒಂದೊಂದು ಸುತ್ತಿಗೂ ಅದೇ ಗೋಡೆ ಮಡಚಿ ಬಿಚ್ಚುತ್ತದೆ. ಅದರಿಂದ ಬಿಸಿ ಹುಟ್ಟುತ್ತದೆ. ಬಿಸಿಗೆ ಎಳೆಗಳೂ ರಬ್ಬರೂ ಒಂದನ್ನೊಂದು ಬಿಡುತ್ತವೆ. ಗಾಳಿ ಜಾಸ್ತಿಯಾಗಿ ಟೈರ್ ಒಡೆಯಿತು ಅಂತ ಹೇಳುವುದು ರೂಢಿ. ನಿಜವಾಗಿ ಬಹಳ ಸಲ ಒಡೆಯುವುದು ಗಾಳಿ ಕಡಿಮೆ ಇದ್ದು, ಭಾರ ಜಾಸ್ತಿ ಇದ್ದು, ವೇಗವಾಗಿ ದೂರ ಓಡಿದ ಟೈರ್.

ಟ್ಯೂಬ್ ಇಲ್ಲದೆ ಗಾಳಿ ನಿಲ್ಲುವುದು ಹೇಗೆ?

ಮಲೆನಾಡಿನ ಕೆಲವು ಕಡೆ ಅಡಿಕೆ ತೋಟದ ಪಕ್ಕದಲ್ಲೇ ರಬ್ಬರ್ ಮರಗಳಿವೆ. ಆ ಮರದ ಹಾಲಿನಿಂದ ಮಾಡಿದ ರಬ್ಬರ್ ಹರಿಯದಂತೆ ತಡೆದುಕೊಳ್ಳುತ್ತದೆ, ಬೇಗ ಬಿಸಿಯಾಗುವುದಿಲ್ಲ. ಹಾಗಾಗಿ ಲಾರಿ ಟೈರುಗಳಿಗೆ ಅದು ಬೇಕೇ ಬೇಕು. ಆದರೆ ಗಾಳಿ ಹಿಡಿದಿಡುವುದರಲ್ಲಿ ಅದು ದುರ್ಬಲ. ಗಾಳಿಯ ಕಣಗಳು ಅದರೊಳಗಿಂದ ನಿಧಾನಕ್ಕೆ ನುಸುಳಿ ಹೋಗುತ್ತವೆ.

1937ರಲ್ಲಿ ಅಮೆರಿಕದಲ್ಲಿ ಬ್ಯುಟೈಲ್ ಎಂಬ ಕೃತಕ ರಬ್ಬರ್ ತಯಾರಾಯಿತು. ಅದರ ಕಣಗಳು ಎಷ್ಟು ಒತ್ತಾಗಿ ಕೂತಿವೆ ಅಂದರೆ ಗಾಳಿಗೆ ನುಸುಳಲು ದಾರಿ ಸಿಗುವುದು ಕಷ್ಟ. ಟ್ಯೂಬುಗಳನ್ನು ಇದರಿಂದಲೇ ಮಾಡತೊಡಗಿದರು. ಟ್ಯೂಬ್‌ಲೆಸ್ ಟೈರಿನಲ್ಲಿ ಇದೇ ಜಾತಿಯ ರಬ್ಬರಿನ ತೆಳು ಪದರವನ್ನು ಟೈರಿನ ಒಳಮೈಗೆ ಸೇರಿಸಿರುತ್ತಾರೆ. ಅಂದರೆ ಟ್ಯೂಬ್ ಕಾಣೆಯಾಗಿಲ್ಲ, ಟೈರಿನೊಳಗೇ ಬೆರೆತಿದೆ. ಉಳಿದ ಅರ್ಧ ಗೋಡೆ ರಿಮ್ಮಿನದು. ಆದ್ದರಿಂದ ವಾಲ್ವಿನ ಜಾಗ ಬಿಟ್ಟರೆ ರಿಮ್ಮಿನಲ್ಲಿ ಎಲ್ಲೂ ತೂತು ಇರಬಾರದು. ಕಡ್ಡಿ ಚಕ್ರದ ಬೈಕುಗಳಿಗೆ ಸಾಮಾನ್ಯವಾಗಿ ಟ್ಯೂಬ್ ಯಾಕೆ ಬೇಕು ಅನ್ನುವುದಕ್ಕೆ ಉತ್ತರವೂ ಇಲ್ಲೇ ಇದೆ. ಒಂದೊಂದು ಕಡ್ಡಿಯೂ ರಿಮ್ಮಿನಲ್ಲಿ ಒಂದೊಂದು ತೂತು. ಅಲಾಯ್ ಚಕ್ರಕ್ಕೆ ಆ ತೊಂದರೆ ಇಲ್ಲ.

ಬೀಡ್ ಮತ್ತು ರಿಮ್ ಸೇರುವ ಜಾಗದಲ್ಲಿ ಅಂಟು ಇಲ್ಲ. ಎರಡು ಟನ್ ಬಲದಿಂದ ರಬ್ಬರ್ ಲೋಹಕ್ಕೆ ಒತ್ತಿಕೊಂಡಿರುವುದೇ ಅಲ್ಲಿನ ಮುಚ್ಚಳ. ಮಲೆನಾಡಿನ ಮಳೆ ಕಾಟ ಕೊಡುವುದು ಇಲ್ಲಿಯೇ. ಕಬ್ಬಿಣದ ರಿಮ್ಮಿಗೆ ತುಕ್ಕು ಹಿಡಿದರೆ ಮೈ ತರಿತರಿಯಾಗುತ್ತದೆ. ಟೈರ್ ಬದಲಿಸುವಾಗ ಸಿಕ್ಕಿಕೊಂಡ ಮಣ್ಣಿನ ಕಣ ಸಾಕು, ಗಾಳಿ ಸಣ್ಣಗೆ ಸೋರಲು. ಪಂಚರ್ ಅಂಗಡಿಯಲ್ಲಿ ಮೊಳೆ ಹುಡುಕಿ ಸುಸ್ತಾಗಿ, ಕೊನೆಗೆ ಚಕ್ರವನ್ನು ನೀರಿನಲ್ಲಿ ಅದ್ದಿದಾಗ ರಿಮ್ಮಿನ ಅಂಚಿನಿಂದ ಗುಳ್ಳೆ ಬರುವುದು ಇದಕ್ಕೇ. ಅದಕ್ಕೆ ಪಂಚರ್ ಹಾಕಿ ಪ್ರಯೋಜನವಿಲ್ಲ. ಟೈರ್ ಬಿಚ್ಚಿ, ರಿಮ್ಮನ್ನು ತಂತಿ ಬ್ರಷ್ಷಿನಲ್ಲಿ ಉಜ್ಜಿ, ಶುಚಿ ಮಾಡಿ ಮತ್ತೆ ಕೂರಿಸಬೇಕು.

ವಾಲ್ವ್ ಎಂಬ ಸಣ್ಣ ಬಾಗಿಲು

ಹಳೆಯ ಸೈಕಲ್ಲಿನ ವಾಲ್ ಟ್ಯೂಬ್ ನೆನಪಿದೆಯಾ? ಸಣ್ಣ ನಳಿಕೆಯ ಮೇಲೆ ಏರಿಸುತ್ತಿದ್ದ ರಬ್ಬರ್ ಕೊಳವೆ. ಪಂಪ್ ಹೊಡೆದಾಗ ಗಾಳಿ ಆ ರಬ್ಬರನ್ನು ನೂಕಿ ಒಳಗೆ ಹೋಗುತ್ತಿತ್ತು. ಒಳಗಿನ ಗಾಳಿ ಅದನ್ನೇ ಒತ್ತಿ ಬಾಗಿಲು ಮುಚ್ಚುತ್ತಿತ್ತು.

ಕಾರು, ಬೈಕಿನ ವಾಲ್ವ್ ಬೇರೆ ತರಹದ್ದು. 1890ರ ದಶಕದಲ್ಲಿ ಆಗಸ್ಟ್ ಶ್ರೇಡರ್ ರೂಪಿಸಿದ್ದು, ಇವತ್ತಿಗೂ ಹೆಚ್ಚು ಬದಲಾಗಿಲ್ಲ. ನೆಕ್ಕಿನೊಳಗೆ ಒಂದು ಪಿನ್, ಅದಕ್ಕೊಂದು ಸ್ಪ್ರಿಂಗ್, ತುದಿಯಲ್ಲಿ ಪುಟ್ಟ ರಬ್ಬರ್ ವಾಷರ್. ಗಾಳಿ ಪೈಪಿನ ಬಾಯಿ ಪಿನ್ನನ್ನು ಒತ್ತಿದಾಗ ಬಾಗಿಲು ತೆರೆಯುತ್ತದೆ. ಬಿಟ್ಟಾಗ ಸ್ಪ್ರಿಂಗ್ ಮುಚ್ಚುತ್ತದೆ, ಒಳಗಿನ ಗಾಳಿ ಇನ್ನಷ್ಟು ಬಿಗಿಯಾಗಿ ಮುಚ್ಚುತ್ತದೆ. ಗಾಳಿ ಹೊಡೆದ ಮೇಲೆ ಹುಡುಗರು ವಾಲ್ವಿನ ಬಾಯಿಗೆ ಎಂಜಲು ಹಚ್ಚಿ ಗುಳ್ಳೆ ಬರುತ್ತದಾ ನೋಡುತ್ತಾರೆ. ನೋಡಲು ಹೇಗೇ ಇರಲಿ, ಪರೀಕ್ಷೆ ಸರಿಯಾದದ್ದೇ.

ಕ್ಯಾಪ್ ಕಳೆದುಹೋದರೆ ಬಹಳ ಜನ ತಲೆ ಕೆಡಿಸಿಕೊಳ್ಳುವುದಿಲ್ಲ. ಕೆಮ್ಮಣ್ಣಿನ ಕೆಸರು ಒಳಗೆ ಹೋಗಿ ಒಣಗಿದರೆ ಮುಂದಿನ ಸಲ ಪಿನ್ ಒತ್ತಿದಾಗ ಆ ಮಣ್ಣು ವಾಷರಿಗೆ ಸಿಕ್ಕಿಕೊಂಡು ಬಾಗಿಲು ಪೂರ್ತಿ ಮುಚ್ಚುವುದಿಲ್ಲ.

ಮೊಳೆ ಚುಚ್ಚಿದರೆ

ಟ್ಯೂಬ್ ಇದ್ದರೆ ಮೊಳೆ ಟ್ಯೂಬನ್ನೂ ತೂತು ಮಾಡುತ್ತದೆ. ಗಾಳಿ ಟ್ಯೂಬ್ ಮತ್ತು ಟೈರಿನ ನಡುವೆ ಹರಿದು ಕಡ್ಡಿಯ ತೂತು, ವಾಲ್ವಿನ ತೂತುಗಳಿಂದ ಬೇಗ ಹೊರಹೋಗುತ್ತದೆ. ಟ್ಯೂಬ್‌ಲೆಸ್ ಟೈರಿನಲ್ಲಿ ಆ ದಾರಿಗಳಿಲ್ಲ. ಮೊಳೆಯ ಸುತ್ತ ದಪ್ಪ ರಬ್ಬರ್ ಹಿಡಿದುಕೊಂಡಿರುತ್ತದೆ. ಗಾಳಿ ಗಂಟೆಗಟ್ಟಲೆ, ಕೆಲವೊಮ್ಮೆ ದಿನಗಟ್ಟಲೆ ಸೋರುತ್ತದೆ. ಅದಕ್ಕೇ ದಾರಿಯಲ್ಲಿ ಮೊಳೆ ಕಂಡ ಕೂಡಲೇ ಕೀಳಬಾರದು. ಅಂಗಡಿ ತನಕ ಅದೇ ಬಿರಡೆ.

ಟೈರಿನ ಗೋಡೆಗೆ ಆದ ತೂತನ್ನು ಮಾತ್ರ ಸ್ಟ್ರಿಪ್, ಅಂದರೆ ತೂತಿಗೆ ತುರುಕುವ ರಬ್ಬರ್ ಪಟ್ಟಿ, ಹಾಕಿ ಮುಚ್ಚುವಂತಿಲ್ಲ. ಅಲ್ಲಿ ರಬ್ಬರ್ ತೆಳು, ಪ್ರತಿ ಸುತ್ತಿಗೂ ಮಡಚುತ್ತದೆ, ಎಳೆಗಳು ಕತ್ತರಿಸಿರುತ್ತವೆ.

ಮೊಳೆ ಇಲ್ಲದೆ ದೀಪ ಉರಿಯುವುದು ಯಾಕೆ?

ಒಳ್ಳೆಯ ಟೈರಿನಿಂದಲೂ ತಿಂಗಳಿಗೆ 1ರಿಂದ 2 ಪಿಎಸ್‌ಐ ಗಾಳಿ ಹೋಗುವುದು ಮಾಮೂಲಿ. ಇದರ ಜೊತೆಗೆ ಹವೆ. ಗಾಳಿ ತಣ್ಣಗಾದರೆ ಒತ್ತಡ ಇಳಿಯುತ್ತದೆ, ಸುಮಾರು 6 ಡಿಗ್ರಿಗೆ 1 ಪಿಎಸ್‌ಐ ಲೆಕ್ಕ.

ಏಪ್ರಿಲ್ ಮಧ್ಯಾಹ್ನ ಶಿವಮೊಗ್ಗದಲ್ಲಿ 36 ಡಿಗ್ರಿ ಬಿಸಿಲಿನಲ್ಲಿ 33 ಹೊಡೆಸಿದಿರಿ ಅಂತ ಇಟ್ಟುಕೊಳ್ಳಿ. ಜುಲೈ ಬೆಳಿಗ್ಗೆ ತೀರ್ಥಹಳ್ಳಿಯಲ್ಲಿ 20 ಡಿಗ್ರಿ ಇದ್ದರೆ ಚಳಿಗೇ ಎರಡೂವರೆ ಪಿಎಸ್‌ಐ ಹೋಯಿತು. ಮೂರು ತಿಂಗಳ ಸಹಜ ಸೋರಿಕೆ ಮೂರರಿಂದ ಆರು. ಉಳಿದದ್ದು 24.5ರಿಂದ 27.5. ಬೇಕಾದ ಒತ್ತಡಕ್ಕಿಂತ ಕಾಲು ಭಾಗದಷ್ಟು ಕಡಿಮೆಯಾದಾಗ ಎಚ್ಚರಿಸುವಂತೆ ಇಟ್ಟ ದೀಪ ಇಲ್ಲಿ ಉರಿಯುವ ಹೊತ್ತಿಗೆ ಬಂದಿರುತ್ತದೆ. ಮೊಳೆ ಹುಡುಕಿದರೆ ಎಲ್ಲಿ ಸಿಗಬೇಕು?

ಕೆಲವು ಕಾರುಗಳಲ್ಲಿ ಚಕ್ರದೊಳಗೇ ಒತ್ತಡ ಅಳೆಯುವ ಸೆನ್ಸರ್ ಇರುತ್ತದೆ. ಇನ್ನು ಕೆಲವು ಕಾರುಗಳು ಒತ್ತಡವನ್ನು ಅಳೆಯುವುದೇ ಇಲ್ಲ. ಚಕ್ರ ತಿರುಗುವ ವೇಗ ನೋಡುತ್ತವೆ. ಗಾಳಿ ಇಳಿದ ಚಕ್ರ ತುಸು ಕುಗ್ಗಿರುತ್ತದೆ, ಉಳಿದ ಚಕ್ರಗಳಿಗಿಂತ ಸ್ವಲ್ಪ ಜೋರಾಗಿ ತಿರುಗಬೇಕಾಗುತ್ತದೆ. ಇಂಥ ಕಾರಿನಲ್ಲಿ ಗಾಳಿ ಹೊಡೆಸಿದ ಮೇಲೂ ದೀಪ ಆರದಿದ್ದರೆ ಗಾಬರಿ ಬೇಡ, ರೀಸೆಟ್ ಮಾಡಬೇಕು.

ಘಾಟಿ ಹತ್ತಿದರೆ ಏನಾಗುತ್ತದೆ ಅಂತಲೂ ಕೇಳುತ್ತಾರೆ. ಸೋಮೇಶ್ವರದಿಂದ ಆಗುಂಬೆಗೆ ಏರಿದಾಗ ಹೊರಗಿನ ವಾತಾವರಣದ ಒತ್ತಡ ಕಡಿಮೆಯಾಗುವುದರಿಂದ ಮೀಟರ್ ಒಂದು ಪಿಎಸ್‌ಐನಷ್ಟು ಜಾಸ್ತಿ ತೋರಿಸಬೇಕು. ಮೇಲೆ ತಂಪು ಇರುವುದರಿಂದ ಸ್ವಲ್ಪ ಇಳಿಯುತ್ತದೆ. ಕೊನೆಗೆ ಉಳಿಯುವ ವ್ಯತ್ಯಾಸ ತೀರಾ ಕಡಿಮೆ. ಓಡಿ ಬಿಸಿಯಾದ ಟೈರಿನಲ್ಲಿ ಒತ್ತಡ ಮೂರು ನಾಲ್ಕು ಪಿಎಸ್‌ಐ ಜಾಸ್ತಿ ಕಂಡರೆ ಅದನ್ನು ಬಿಡಿಸಬೇಡಿ. ಕಾರಿನ ಬಾಗಿಲ ಬಳಿಯ ಸ್ಟಿಕ್ಕರಿನಲ್ಲಿ ಬರೆದಿರುವುದು ತಣ್ಣಗಿರುವ ಟೈರಿನ ಲೆಕ್ಕ. ಟೈರಿನ ಗೋಡೆಯ ಮೇಲೆ ಅಚ್ಚಾಗಿರುವ ಗರಿಷ್ಠ ಒತ್ತಡ ಬೇರೆಯದು, ಅಷ್ಟು ಹೊಡೆಸಬಾರದು.

ನೈಟ್ರೋಜನ್ ಹಾಕಿಸಿದರೆ? ನಾವು ಉಸಿರಾಡುವ ಗಾಳಿಯಲ್ಲೇ ನೂರಕ್ಕೆ 78 ಭಾಗ ನೈಟ್ರೋಜನ್ ಇದೆ. ಪೂರ್ತಿ ನೈಟ್ರೋಜನ್ ತುಸು ನಿಧಾನ ಸೋರುತ್ತದೆ, ತೇವ ಇರುವುದಿಲ್ಲ. ಪುಕ್ಕಟೆ ಸಿಕ್ಕರೆ ಹಾಕಿಸಿ.

ಹೇರ್‌ಪಿನ್ ತಿರುವಿನಲ್ಲಿ

ಆಗುಂಬೆ ಘಾಟಿಯಲ್ಲಿ 14 ಹೇರ್‌ಪಿನ್ ತಿರುವುಗಳು. ಎಡಕ್ಕೆ ತಿರುಗುವಾಗ ಕಾರಿನ ಭಾರ ಬಲಗಡೆ ಚಕ್ರಗಳ ಮೇಲೆ ವಾಲುತ್ತದೆ. ರಿಮ್ ಬಲಕ್ಕೆ ಹೋಗಬೇಕೆನ್ನುತ್ತದೆ, ನೆಲವನ್ನು ಹಿಡಿದ ಟೈರ್ ಬಿಡುವುದಿಲ್ಲ. ಆಗ ಹೊರಬದಿಯ ಬೀಡನ್ನು ಯಾರೋ ಒಳಕ್ಕೆ, ಅದೇ ನಡುವಿನ ತಗ್ಗಿನ ಕಡೆಗೆ, ಎಳೆದಂತೆ ಆಗುತ್ತದೆ. ಎರಡು ಟನ್ ಬಲ ಹಿಡಿದಿರುವಾಗ ಅದು ಅಲುಗುವುದಿಲ್ಲ. ಆರು ನೂರು ಕಿಲೋ ಮಾತ್ರ ಇದ್ದಾಗ, ಮೇಲಿಂದ ಕಾರಿನ ತುಂಬ ಜನ, ಲಗೇಜು ಇದ್ದಾಗ, ತಿರುವಿನ ಮಧ್ಯೆ ಒಂದು ಗುಂಡಿ ಸಿಕ್ಕರೆ ಬೀಡ್ ಜಾಗ ಬಿಡಬಹುದು. ಬಿಟ್ಟ ಕ್ಷಣಕ್ಕೆ ಉಳಿದ ಗಾಳಿಯೂ ಹೋಯಿತು.

ಇದಕ್ಕೊಂದು ಕಾವಲು ಇದೆ. ಬೀಡ್ ಕೂರುವ ಜಾಗಕ್ಕೂ ತಗ್ಗಿಗೂ ನಡುವೆ ರಿಮ್ಮಿನಲ್ಲಿ ಸಣ್ಣ ದಿಬ್ಬ ಇಟ್ಟಿರುತ್ತಾರೆ. ಗಾಳಿ ಕಡಿಮೆಯಾದರೂ ಬೀಡ್ ಆ ದಿಬ್ಬ ದಾಟಿಯೇ ತಗ್ಗಿಗೆ ಬೀಳಬೇಕು. ನಿಧಾನಿಸಿ ಗಾಡಿಯನ್ನು ಪಕ್ಕಕ್ಕೆ ತರಲು ಅಷ್ಟು ಅವಕಾಶ ಸಿಗುತ್ತದೆ. ಪೂರ್ತಿ ಚಪ್ಪಟೆಯಾದ ಮೇಲೂ "ಇಲ್ಲೇ ಮುಂದಿನ ಊರು" ಅಂತ ಓಡಿಸಿದರೆ ರಿಮ್ಮಿನ ಅಂಚು ಗೋಡೆಯನ್ನು ಒಳಗಿಂದ ಅರೆದುಹಾಕುತ್ತದೆ. ಅಂಥ ಟೈರ್ ಹೊರಗಿನಿಂದ ಚೆನ್ನಾಗಿ ಕಂಡರೂ ಒಳಗೆ ರಬ್ಬರ್ ಪುಡಿ ತುಂಬಿರುತ್ತದೆ.

ಲಾರಿ ಚಕ್ರದ ಲಾಕ್ ರಿಂಗ್

ಹಳೆಯ ಲಾರಿ, ಬಸ್ಸುಗಳ ಟೈರಿನ ಬೀಡ್ ತುಂಬಾ ದಪ್ಪ, ಬಾಗುವುದೇ ಇಲ್ಲ. ತಗ್ಗಿನ ಉಪಾಯ ಅಲ್ಲಿ ನಡೆಯುವುದಿಲ್ಲ. ಹಾಗಾಗಿ ರಿಮ್ಮಿನ ಒಂದು ಅಂಚನ್ನೇ ಬಿಚ್ಚುವಂತೆ ಮಾಡಿರುತ್ತಾರೆ. ಟೈರನ್ನು ಸಲೀಸಾಗಿ ಜಾರಿಸಿ, ಅಂಚಿನ ಜಾಗಕ್ಕೆ ಕಬ್ಬಿಣದ ಲಾಕ್ ರಿಂಗ್ ಕೂರಿಸುತ್ತಾರೆ. ಗಾಳಿ ತುಂಬಿದಾಗ ಬೀಡ್ ಆ ರಿಂಗನ್ನು ಒತ್ತಿ ಹಿಡಿಯುತ್ತದೆ.

ಲಾರಿ ಟೈರಿಗೆ 100 ಪಿಎಸ್‌ಐಗೂ ಜಾಸ್ತಿ ಗಾಳಿ ಬೇಕು. ರಿಂಗ್ ಸರಿಯಾಗಿ ಕೂರದೆ ಗಾಳಿ ಹೊಡೆದರೆ ಅದು ಹಾರಿ ಬರುತ್ತದೆ, ಎದುರಿಗಿದ್ದವರ ಜೀವ ಹೋಗುವಷ್ಟು ಬಲವಾಗಿ. ಅನುಭವಸ್ಥರು ಚಕ್ರಕ್ಕೆ ಸರಪಳಿ ಸುತ್ತಿ ಅಥವಾ ಕಬ್ಬಿಣದ ಪಂಜರದೊಳಗಿಟ್ಟು, ದೂರದಲ್ಲಿ ಪಕ್ಕಕ್ಕೆ ನಿಂತು ಗಾಳಿ ಹೊಡೆಯುತ್ತಾರೆ. ಹೆದ್ದಾರಿ ಬದಿಯಲ್ಲಿ ಲಾರಿ ಟೈರಿಗೆ ಗಾಳಿ ಹೊಡೆಯುತ್ತಿದ್ದರೆ ರಿಂಗಿನ ಎದುರು ನಿಂತು ನೋಡಬೇಡಿ. ಹೊಸ ಲಾರಿಗಳ ಟ್ಯೂಬ್‌ಲೆಸ್ ಚಕ್ರಗಳಲ್ಲಿ ಈ ರಿಂಗ್ ಇಲ್ಲ, ಅವು ಕಾರಿನ ಹಾಗೇ ತಗ್ಗಿರುವ ರಿಮ್ಮಿಗೆ ಬಂದಿವೆ.

ಡಿಕ್ಕಿಯಲ್ಲಿ ಮಲಗಿರುವ ಸ್ಟೆಪ್ನಿ

ಸ್ಟೆಪ್ನಿ ಇರುವ ಕಾರಿನವರು ನಿಶ್ಚಿಂತೆಯಿಂದ ಇರುತ್ತಾರೆ. ಓಡದೆ ಇದ್ದರೂ ಅದರ ಗಾಳಿಯೂ ತಿಂಗಳಿಗೆ ಒಂದೆರಡು ಪಿಎಸ್‌ಐನಂತೆ ನುಸುಳುತ್ತಲೇ ಇರುತ್ತದೆ. ವರ್ಷ ಪೂರ್ತಿ ಮುಟ್ಟದಿದ್ದರೆ 33 ಇದ್ದದ್ದು 20ರ ಕೆಳಗೆ ಬಂದಿರಬಹುದು. ನಾಲ್ಕು ಚಕ್ರಕ್ಕೆ ಗಾಳಿ ಹೊಡೆಸುವಾಗ ಐದನೆಯದನ್ನೂ ತೋರಿಸಿ, ಎರಡು ಮೂರು ಪಿಎಸ್‌ಐ ಜಾಸ್ತಿಯೇ ಇರಲಿ, ಬೇಕಾದಾಗ ಬಿಡಿಸಿಕೊಳ್ಳಬಹುದು. ಉಳಿದ ಚಕ್ರಗಳಿಗಿಂತ ತೆಳ್ಳಗಿನ ಸ್ಟೆಪ್ನಿ ಬಂದಿದ್ದರೆ ಅದರ ಮೇಲೆ ಬರೆದದ್ದನ್ನು ಓದಿ. ಅಂಥವಕ್ಕೆ ಸಾಮಾನ್ಯವಾಗಿ 60 ಪಿಎಸ್‌ಐ ಬೇಕು. ಗಂಟೆಗೆ 80 ಕಿ.ಮೀ. ದಾಟಬಾರದು ಅಂತಲೂ ಅಲ್ಲೇ ಬರೆದಿರುತ್ತದೆ.